ಬೆರಳ ತುದಿಯ ಬೆಳಕು

ಹೊರಗಿನ ಲೋಕವನ್ನು ಮನುಷ್ಯನಿಗೆ ಪರಿಚಯಿಸುವ ಇಂದ್ರಿಯಗಳಲ್ಲಿ ಕಣ್ಣು ಕಿವಿಗಳು ಮುಖ್ಯವಾದುವು. ಕಣ್ಣು ಕಾಣದವರು ಕಿವಿಯಿಂದ ಕಲಿಯುತ್ತಾರೆ. ಕಿವಿ ಕೇಳದವರು ಕಣ್ಣಿನಿಂದ ಕಲಿಯುತ್ತಾರೆ. ಈ ಎರಡು ಬಾಗಿಲುಗಳೂ ಮುಚ್ಚಿದ ಸ್ಥಿತಿಯೇ ಅಂಧಬಧಿರತೆ. ಹಲವರಲ್ಲಿ ಅಲ್ಪಸ್ವಲ್ಪ ದೃಷ್ಟಿಯೋ ಶ್ರವಣವೋ ಉಳಿದಿರುವುದುಂಟು. ಆದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಲಾರದು. ಇಂಥವರಿಗೆ ಸ್ಪರ್ಶವೇ ಜ್ಞಾನದ ಹೆಬ್ಬಾಗಿಲು.

ಅಮೆರಿಕದಲ್ಲಿ 1829ರಲ್ಲಿ ಜನಿಸಿದ ಲಾರಾ ಬ್ರಿಜ್‌ಮನ್ ಎರಡು ವರ್ಷದ ಮಗುವಾಗಿದ್ದಾಗಲೇ ಜ್ವರಕ್ಕೆ ತುತ್ತಾಗಿ ಅಂಧಬಧಿರಳಾದಳು. 1837ರಲ್ಲಿ ಬಾಸ್ಟನ್ ನಗರದ ಪರ್ಕಿನ್ಸ್ ಅಂಧರ ಶಾಲೆಯನ್ನು ಸೇರಿದಳು. ಅಲ್ಲಿಯ ಡಾಕ್ಟರ್ ಸ್ಯಾಮ್ಯುಯೆಲ್ ಹೌ ಅವರು ಚಮಚ, ಬೀಗದಕೈ ಮೊದಲಾದ ವಸ್ತುಗಳಿಗೆ ಉಬ್ಬಕ್ಷರದ ಹೆಸರುಪಟ್ಟಿಗಳನ್ನು ಅಂಟಿಸಿ, ಬೆರಳಿನಿಂದ ತಡವಿ ಓದುವುದನ್ನು ಆಕೆಗೆ ಕಲಿಸಿದರು. ಮೊದಲು ಅದು ಬರಿಯ ಅನುಕರಣೆಯಾಗಿತ್ತು. ಮನಸ್ಸಿನಲ್ಲಿರುವುದನ್ನು ಹೆಸರಿನ ಮೂಲಕ ಇನ್ನೊಬ್ಬರಿಗೆ ತಿಳಿಸಬಹುದೆಂಬ ಅರಿವು ಕ್ರಮೇಣ ಮೂಡಿತು.

1842ರಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಆ ಶಾಲೆಯನ್ನು ಸಂದರ್ಶಿಸಿ, ತಮ್ಮ ಪ್ರವಾಸಗ್ರಂಥದಲ್ಲಿ ಲಾರಾಳ ವೃತ್ತಾಂತವನ್ನು ಬರೆದರು. ಅದನ್ನು ಓದಿದ್ದ ಅಲಬಾಮಾ ಪ್ರಾಂತದ ತಾಯಿಯೊಬ್ಬಳಲ್ಲಿ, ಅಂಧಬಧಿರಳಾದ ತನ್ನ ಮಗಳಿಗೂ ವಿದ್ಯೆ ದೊರೆಯಬಹುದೆಂಬ ಆಸೆ ಚಿಗುರಿತು. ಆ ಆಸೆಯ ಫಲವಾಗಿ 1887ರಲ್ಲಿ ಪರ್ಕಿನ್ಸ್ ಶಾಲೆಯಲ್ಲಿ ಕಲಿತ ಆನ್ ಸಲಿವನ್ ಶಿಕ್ಷಕಿಯಾಗಿ ಬಂದರು. ಒಂದು ಕೈಯ ಮೇಲೆ ತಣ್ಣೀರು ಹರಿಯುತ್ತಿರಲು, ಇನ್ನೊಂದು ಅಂಗೈಯಲ್ಲಿ ‘ನೀರು’ ಎಂಬ ಪದವನ್ನು ಬೆರಳುಗಳಿಂದ ಮೂಡಿಸಿದರು. ಬಾಲೆಗೆ ಭಾಷೆಯ ಗುಟ್ಟು ಹೊಳೆಯಿತು. ಆಕೆಯೇ 1904ರಲ್ಲಿ ಪದವೀಧರೆಯಾದ ಹೆಲೆನ್ ಕೆಲರ್. ಒಬ್ಬರು ಕಂಡು ಬರೆದುದು ಇನ್ನೊಂದು ಮಗುವಿನ ಬಾಳನ್ನೇ ಬೆಳಗಿಸಿತು!

ಭಾರತದಲ್ಲಿ ಅಂಧಬಧಿರರ ಶಿಕ್ಷಣಕ್ಕಾಗಿ ಹೆಲೆನ್ ಕೆಲರ್ ಹೆಸರಿನ ಸಂಸ್ಥೆಯೊಂದು 1977ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಯಿತು. ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಅಧಿನಿಯಮವು ಅಂಧಬಧಿರತೆಯನ್ನು ಹೆಸರಿಸಿ ಮನ್ನಿಸಿದೆ. ಆದರೆ ಕಾನೂನೊಂದರಿಂದಲೇ ಒಂಟಿತನ ನೀಗದು. ಕರೆದರೆ ಓಗೊಡದ, ತೋರಿಸಿದರೆ ನೋಡದ ಮಗುವನ್ನು ಬುದ್ಧಿಯಿಲ್ಲದ್ದೆಂದು ಭಾವಿಸಿ ಮೂಲೆಗೆ ತಳ್ಳಿದರೆ, ಕಲಿಯಬೇಕಾದ ಅಮೂಲ್ಯ ಕಾಲ ವ್ಯರ್ಥವಾಗುತ್ತದೆ.

ನೆರೆಹೊರೆಯವರು ಅರಿಯಬೇಕಾದುದು ಹೆಚ್ಚೇನೂ ಇಲ್ಲ. ಅಂಧಬಧಿರರ ಬಳಿಗೆ ಹೋದಾಗ ಮೆಲ್ಲನೆ ತೋಳನ್ನು ಮುಟ್ಟಿ ತಮ್ಮ ಇರವನ್ನು ತಿಳಿಸಬೇಕು. ಕೈಹಿಡಿದು ಎಳೆಯದೆ, ತಮ್ಮ ತೋಳನ್ನು ಆಸರೆಯಾಗಿ ನೀಡಬೇಕು. ಹೊರಡುವಾಗಲೂ ಮುಟ್ಟಿ ತಿಳಿಸಿಯೇ ಹೊರಡಬೇಕು. ಹೇಳದೆ ಹೋದರೆ ಅವರು ಬರಿದಾದ ಜಾಗದೊಡನೆ ಮಾತನಾಡುತ್ತ ಉಳಿಯುತ್ತಾರೆ. ಹಾಗಾಗದಂತೆ ನೋಡಿಕೊಳ್ಳುವುದು ಕಣ್ಣು ಕಿವಿಗಳುಳ್ಳವರ ಹೊಣೆಯಲ್ಲವೆ?