ಕಾರಿಗೆ ಹೊದಿಕೆ, ಸೈಕಲ್ಲಿಗೆ ಎಣ್ಣೆ

ಮೈಸೂರು: ಸರಸ್ವತಿಪುರಂನ ಮನೆಯೊಂದರ ಮುಂದೆ ಕಾರು ಹೊದಿಕೆ ಹೊದ್ದು ಮಲಗಿ ಆರು ತಿಂಗಳಾಯಿತು. ಅದೇನೂ ಕೆಟ್ಟಿಲ್ಲ. ಮನೆಯ ಯಜಮಾನರು, ನಿವೃತ್ತ ಮೇಷ್ಟ್ರು, ಬೆಳಗಾದರೆ ಕ್ಯಾರಿಯರಿಗೆ ಕೈಚೀಲ ಸಿಕ್ಕಿಸಿಕೊಂಡು ಸೈಕಲ್ ಹತ್ತಿ ದೇವರಾಜ ಮಾರ್ಕೆಟ್ಟಿಗೆ ಹೊರಟುಬಿಡುತ್ತಾರೆ.

‘ಒಂದು ಕಟ್ಟು ಸೊಪ್ಪು ತರೋಕೆ ಅಷ್ಟು ಕಬ್ಬಿಣ ಯಾಕ್ರೀ ಎಳ್ಕೊಂಡು ಹೋಗ್ಬೇಕು? ಹೋದ್ರೂ ನಿಲ್ಲಿಸೋಕೆ ಜಾಗ ಎಲ್ಲಿದೆ?’ ಎಂಬುದು ಮೇಷ್ಟ್ರ ಪ್ರಶ್ನೆ. ಸೈಕಲ್ಲಿನಲ್ಲಿ ಮಾರ್ಕೆಟ್ಟಿಗೆ ಕಾಲು ಗಂಟೆ. ಕಾರಿನಲ್ಲಿ ಹೋದರೆ ದೇವರಾಜ ಅರಸು ರಸ್ತೆಯಲ್ಲಿ ಜಾಗ ಹುಡುಕುವುದಕ್ಕೇ ಅಷ್ಟು ಹೊತ್ತು. 2021ರಲ್ಲಿ ಪೆಟ್ರೋಲು ಲೀಟರಿಗೆ 100 ರೂಪಾಯಿ ದಾಟಿದಾಗಲೇ ಅವರ ಮನಸ್ಸು ಅಲುಗಾಡಿತ್ತಂತೆ. ಡಾಕ್ಟರು ಸಕ್ಕರೆ ಕಾಯಿಲೆ ಅಂದ ಮೇಲೆ ಅದು ಗಟ್ಟಿಯಾಯಿತು. ಅಟ್ಟದ ಮೇಲಿದ್ದ ಹಳೇ ಸೈಕಲ್ಲಿಗೆ ಹೊಸ ಟಯರು, ಬ್ರೇಕು, ಬೆಲ್ಲು ಬಂದವು.

ಸೈಕಲ್ಲು ಮೈಸೂರಿಗೆ ಹೊಸದೇನಲ್ಲ. ಹಿಂದೆ ಸೈಕಲ್ಲಿಗೂ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿಕೊಂಡವರು, ರಾತ್ರಿ ದೀಪವಿಲ್ಲದೆ ಹೋಗಿ ಪೊಲೀಸರಿಗೆ ಸಿಕ್ಕಿಬಿದ್ದವರು ಇನ್ನೂ ನಮ್ಮ ನಡುವೆ ಇದ್ದಾರೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡಲು ಶುರುಮಾಡಿದ್ದು 2006-07ರಲ್ಲಿ. 2017ರ ಜೂನ್‌ನಲ್ಲಿ 450 ಸೈಕಲ್ಲುಗಳ ‘ಟ್ರಿಣ್ ಟ್ರಿಣ್’ ಬಾಡಿಗೆ ಯೋಜನೆ ಇದೇ ಊರಿನಲ್ಲಿ ಆರಂಭವಾದಾಗ ದೇಶವೇ ಈ ಕಡೆ ನೋಡಿತು. ಸೈಕಲ್ಲು ಕೊಟ್ಟಿದ್ದಾಯಿತು. ಅದು ಹೋಗುವ ದಾರಿ ಎಲ್ಲಿ?

ಮೇಷ್ಟ್ರ ಮನೆಯಲ್ಲಿ ಈಗ ನಡೆದಿರುವ ಜಗಳವೂ ಇದೇ. ಕಾರು ಮಾರಿಬಿಡೋಣ ಅಂತ ಇವರು, ಬೇಡವೇ ಬೇಡ ಅಂತ ಹೆಂಡತಿ. ಹೋದ ತಿಂಗಳು ಸರ್ಕಲ್ ದಾಟುವಾಗ ಬೈಕೊಂದು ಹ್ಯಾಂಡಲ್ಲಿಗೆ ತಗುಲಿ, ಮೇಷ್ಟ್ರು ಮೊಣಕೈ ತರಚಿಕೊಂಡು ಮನೆಗೆ ಬಂದಿದ್ದರು. ಚೀಲದ ಟೊಮೆಟೊ ಎಲ್ಲ ರಸ್ತೆಪಾಲು.

‘ಇವರು ಹುಷಾರಾಗೇ ಹೋಗ್ತಾರೆ. ಹಿಂದೆ ಬರೋನು ಹುಷಾರಾಗಿರ್ತಾನಾ? ವಾಪಸ್ ಬರೋತನಕ ನಾನು ಬಾಗಿಲಲ್ಲೇ ನಿಂತಿರ್ತೀನಿ’ ಎನ್ನುತ್ತಾರೆ ಆಕೆ.

ಅವರ ಮಾತಿಗೆ ಮೇಷ್ಟ್ರ ಬಳಿಯೂ ಉತ್ತರವಿಲ್ಲ. ಎಡಬದಿಗೆ ಸೈಕಲ್ಲಿಗೆಂದು ಎರಡು ಮೊಳ ಜಾಗ ಇದ್ದರೂ ಅದರಲ್ಲಿ ಕಾರು ನಿಂತಿರುತ್ತದೆ. ಅದನ್ನು ಸುತ್ತಿಕೊಂಡು ಹೋಗಲು ರಸ್ತೆಯ ಮಧ್ಯಕ್ಕೇ ಬರಬೇಕು. ಮಾರ್ಕೆಟ್ಟಿನ ಬಳಿ ಬೀಗ ಹಾಕಿ ನಿಲ್ಲಿಸಲು ಒಂದು ಕಬ್ಬಿಣದ ಕಂಬಿಯಾದರೂ ಬೇಕು. ಇದಕ್ಕೆ ಕೋಟಿಗಟ್ಟಲೆ ಖರ್ಚಿಲ್ಲ. ಬಿಳಿ ಬಣ್ಣದ ಗೆರೆ, ಅದನ್ನು ಕಾಯುವ ಪೊಲೀಸರ ಮನಸ್ಸು, ಇಷ್ಟು ಸಾಕು.

ಹೊದಿಕೆಯ ಕೆಳಗಿನ ಕಾರು ಮಾರಾಟವಾಗುವುದು ಬಿಡುವುದು ಈಗ ಮೇಷ್ಟ್ರ ಕೈಲಿಲ್ಲ. ಸಂಬಂಧಪಟ್ಟವರು ಒಂದು ದಿನ ಜೀಪು ಬಿಟ್ಟು, ಅವರ ಹಿಂದೆ ಸೈಕಲ್ ತುಳಿದು ನೋಡುವರೇ?