ಸಾಂಕ್ರಾಮಿಕದ ಕಾಲದಲ್ಲಿ ಆಸ್ಪತ್ರೆ

ಆಸ್ಪತ್ರೆಯ ಶಕ್ತಿಯನ್ನು ಹಾಸಿಗೆಗಳ ಸಂಖ್ಯೆಯಿಂದ ಅಳೆಯುವುದು ನಮ್ಮೆಲ್ಲರ ವಾಡಿಕೆ. ಸಾಂಕ್ರಾಮಿಕ ರೋಗವು ಈ ಲೆಕ್ಕವನ್ನು ತಲೆಕೆಳಗು ಮಾಡುವುದು. ಮಂಚ ಹಾಸಿಗೆಗಳನ್ನು ಎರಡು ದಿನಗಳಲ್ಲಿ ಒದಗಿಸಬಹುದು. ಅವುಗಳ ಪಕ್ಕದಲ್ಲಿ ನಿಲ್ಲತಕ್ಕ ದಾದಿಯನ್ನು ಸಿದ್ಧಪಡಿಸಲು ವರ್ಷಗಳೇ ಬೇಕು.

ಕಡೂರು, ತರೀಕೆರೆ, ಅಜ್ಜಂಪುರಗಳನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಮೂರೂ ರೈಲುದಾರಿಯ ಊರುಗಳು. ಬೆಂಗಳೂರಿನಿಂದ ಹೊರಟ ದಾರಿ ಕಡೂರನ್ನು ದಾಟಿ, ಬೀರೂರಿನಲ್ಲಿ ಕವಲೊಡೆದು, ಒಂದು ಕಡೆ ತರೀಕೆರೆಗೂ ಮತ್ತೊಂದು ಕಡೆ ಅಜ್ಜಂಪುರಕ್ಕೂ ಹೋಗುವುದು. ಇಂಥ ದಾರಿಗಳಲ್ಲಿ ರೋಗವೂ ಪ್ರಯಾಣ ಮಾಡುವುದು. 1898ರಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ಬೆಂಗಳೂರಿಗೆ ಬಂದದ್ದು ರೈಲಿನ ಮೂಲಕವೇ. ಆಗ ಮೈಸೂರು ಸೀಮೆಯ ಜನರು ಊರನ್ನು ತೆರವುಮಾಡಿ ಬಯಲಿನ ಗುಡಿಸಲುಗಳಲ್ಲಿ ವಾಸಿಸಿದರು. ತಕ್ಕ ಔಷಧವಿಲ್ಲದ ಆ ದಿನಗಳಲ್ಲಿ ಬೇರ್ಪಡಿಸುವುದೇ ಮುಖ್ಯ ಉಪಾಯವಾಗಿದ್ದಿತು.

2020ರಲ್ಲಿ ಕೊರೋನಾ ಹಬ್ಬಿದಾಗಲೂ ಮೊದಲ ಉಪಾಯ ಅದೇ ಆಯಿತು; ಆದರೆ ಈಗ ರೋಗಿಗಳನ್ನೇ ರೋಗದ ತೀವ್ರತೆಗೆ ತಕ್ಕಂತೆ ವಿಂಗಡಿಸಿದರು. ಲಘುವಾಗಿ ಪೀಡಿತರಾದವರಿಗೆ ಆರೈಕೆ ಕೇಂದ್ರ, ಮಧ್ಯಮರಿಗೆ ಆಮ್ಲಜನಕವುಳ್ಳ ಆಸ್ಪತ್ರೆ, ರೋಗ ಉಲ್ಬಣಿಸಿದವರಿಗೆ ತೀವ್ರ ನಿಗಾ ಘಟಕವುಳ್ಳ ದೊಡ್ಡ ಆಸ್ಪತ್ರೆ, ಹೀಗೆ ಮೂರು ಮೆಟ್ಟಿಲುಗಳು. ರಕ್ತದಲ್ಲಿ ಆಮ್ಲಜನಕದ ಪ್ರಮಾಣವು ನೂರಕ್ಕೆ 90ರಿಂದ 93ಕ್ಕೆ ಇಳಿದರೆ ಮಧ್ಯಮವೆಂದೂ, 90ಕ್ಕಿಂತ ಕಡಿಮೆಯಾದರೆ ಉಲ್ಬಣವೆಂದೂ ಎಣಿಸಿದರು.

ಈ ವಿಂಗಡಣೆಯೇಕೆ ಅವಶ್ಯಕ? ದೊಡ್ಡ ಸಿಲಿಂಡರೊಂದರಲ್ಲಿ ಸುಮಾರು 7000 ಲೀಟರು ಆಮ್ಲಜನಕವಿರುವುದು. ನಿಮಿಷಕ್ಕೆ 10 ಲೀಟರಿನಂತೆ ಕೊಟ್ಟರೆ ಒಬ್ಬ ರೋಗಿಗೆ ಅದು ಹನ್ನೆರಡು ಗಂಟೆಗಳಿಗೂ ಸಾಲದು. ಹತ್ತು ಮಂದಿಗೆ ದಿನವೊಂದಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಸಿಲಿಂಡರುಗಳು ಬೇಕು. 2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯೊದಗಿ, ಒಂದು ದಿನದೊಳಗಾಗಿ 24 ರೋಗಿಗಳು ತೀರಿಕೊಂಡರು. ಅವರಿಗೆ ಹಾಸಿಗೆಗಳೇನೋ ಇದ್ದುವು.

ತಾಲ್ಲೂಕಿನ ಆಸ್ಪತ್ರೆಗೆ ಇನ್ನೊಂದು ಕಷ್ಟವುಂಟು. ಹೆರಿಗೆ, ಹಾವಿನ ಕಡಿತ, ಹೃದಯಾಘಾತಗಳು ಸಾಂಕ್ರಾಮಿಕಕ್ಕಾಗಿ ಕಾಯವು. ಆದಕಾರಣ ಜ್ವರದವರಿಗೆ ಬೇರೆ ಬಾಗಿಲು ಬೇಕು. ಅವಸರವಿಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದಕ್ಕೆ ಹಾಕಬೇಕು. ಉಲ್ಬಣಿಸುವ ಸೂಚನೆಯುಳ್ಳವರನ್ನು ಸಕಾಲದಲ್ಲಿ ದೊಡ್ಡ ಊರಿಗೆ ಕಳುಹಿಸಬೇಕು. ಕಡೂರಿನಿಂದ ಚಿಕ್ಕಮಗಳೂರಿಗೋ ತರೀಕೆರೆಯಿಂದ ಶಿವಮೊಗ್ಗಕ್ಕೋ ಹೋದ ಆಂಬ್ಯುಲೆನ್ಸು ಮರಳುವವರೆಗೆ ಊರಿನವರು ಅದನ್ನು ನಂಬಿರುವಂತಿಲ್ಲ. ಈ ಸೀಮೆಯವರು ಕೆರೆಗಳನ್ನು ಬಲ್ಲವರು. ನೆರೆ ಬಂದಾಗ ಏರಿಯನ್ನು ಉಳಿಸುವುದು ಕೋಡಿ. ಕೋಡಿಯನ್ನು ನೆರೆಗೆ ಮುಂಚೆಯೇ ಕಟ್ಟಿರಬೇಕು. ಯಾರನ್ನು, ಯಾವಾಗ, ಎಲ್ಲಿಗೆ ಕಳುಹಿಸಬೇಕೆಂಬ ನಿಶ್ಚಯವೂ ಹಾಗೆಯೇ.

ಇದರಲ್ಲಿ ನಾಗರಿಕರ ಪಾಲೂ ಇದೆ. ಮನೆಯಲ್ಲಿಯೇ ಗುಣವಾಗಬಲ್ಲವನು ಭಯದಿಂದಲೋ ಪ್ರಭಾವದಿಂದಲೋ ಆಸ್ಪತ್ರೆಯನ್ನು ಸೇರಿದರೆ, ಅಜ್ಜಂಪುರದ ಹಳ್ಳಿಯಿಂದ ಉಸಿರಾಟಕ್ಕೆ ಕಷ್ಟಪಡುತ್ತ ಬಂದವನಿಗೆ ಸ್ಥಳವಿರುವುದಿಲ್ಲ. ಅವನನ್ನು ಹಿಂದಿರುಗಿಸಿದ ದೋಷವನ್ನು ವೈದ್ಯರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ.