ಧಮನಿಯ ಉಬ್ಬು

ಸೈಕಲ್ಲಿನ ಟಯರು ಒಂದು ಕಡೆ ಸವೆದರೆ ಒಳಗಿನ ಟ್ಯೂಬು ಅಲ್ಲಿ ಗುಳ್ಳೆಯಂತೆ ಹೊರಚಾಚುವುದನ್ನು ನೀವು ನೋಡಿರಬಹುದು. ನಮ್ಮ ಧಮನಿಗಳಲ್ಲಿಯೂ ಕೆಲವೊಮ್ಮೆ ಹೀಗಾಗುತ್ತದೆ. ಗೋಡೆ ದುರ್ಬಲವಾದೆಡೆ ರಕ್ತದ ಒತ್ತಡದಿಂದ ಉಂಟಾಗುವ ಈ ಉಬ್ಬನ್ನು ವೈದ್ಯರು ‘ಅನ್ಯೂರಿಸಂ’ ಎನ್ನುತ್ತಾರೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರ ಮಿದುಳಿನ ಧಮನಿಯಲ್ಲಿ ಇದು ಇರುತ್ತದೆಂದು ಅಂದಾಜು. ಹೆಚ್ಚಿನವು ಒಡೆಯುವುದೇ ಇಲ್ಲ. ಹಾಗಾದರೆ ಒಡೆಯುವುದು ಯಾವುದು? ದೊಡ್ಡದು ಎಂದು ನೀವು ಹೇಳಬಹುದು. ಅದು ನಿಜ; ಆದರೆ ಅಷ್ಟೇ ಸಾಲದು, ಆಕಾರವನ್ನೂ ನೋಡಬೇಕು.

ಇದನ್ನು ತಿಳಿಯಲು ನೊಯ್ಯಲ್ ನದಿಯನ್ನು ನೆನೆಯೋಣ. ವೆಳ್ಳಿಂಗಿರಿ ಬೆಟ್ಟಗಳಿಂದ ಇಳಿದು ಕೊಯಮತ್ತೂರು, ತಿರುಪ್ಪೂರುಗಳನ್ನು ದಾಟಿ ಕಾವೇರಿಯನ್ನು ಸೇರುವ ಈ ನದಿಯ ನೀರು ಕಾಲುವೆಗಳ ಮೂಲಕ ಸಿಂಗಾನಲ್ಲೂರು ಮೊದಲಾದ ಕೆರೆಗಳಿಗೆ ಹರಿಯುತ್ತದೆ. ಮಳೆಗಾಲದಲ್ಲಿ ಏರಿಯ ಮೇಲೆ ನಿಂತು ಗಮನಿಸಿ. ಕಾಲುವೆ ಕೆರೆಯನ್ನು ಸೇರುವ ಬಾಯಲ್ಲಿ ನೀರು ರಭಸದಿಂದ ನುಗ್ಗುತ್ತದೆ. ಮುಂದೆ ಜಾಗ ಅಗಲವಾದಂತೆ ವೇಗ ತಗ್ಗುತ್ತದೆ. ದೂರದ ಮೂಲೆಯಲ್ಲಿ ನೀರು ಬಹುಮಟ್ಟಿಗೆ ನಿಂತೇ ಇರುತ್ತದೆ. ಅಲ್ಲಿ ಹೂಳು ಕೂಡುತ್ತದೆ.

ಮಿದುಳಿನಲ್ಲಿ ಉಬ್ಬು ಹುಟ್ಟುವುದು ಹೆಚ್ಚಾಗಿ ಧಮನಿ ಕವಲೊಡೆಯುವಲ್ಲಿ, ರಕ್ತ ಬಂದು ಗೋಡೆಗೆ ಬಡಿಯುವ ಜಾಗದಲ್ಲಿ. ರಕ್ತ ಒಳನುಗ್ಗುವ ಬಾಯಿಗೆ ‘ಕತ್ತು’ ಎಂದು ಹೆಸರು. ಕತ್ತಿನ ಅಗಲ 4 ಮಿ.ಮೀ., ಉಬ್ಬಿನ ಎತ್ತರವೂ 4 ಮಿ.ಮೀ. ಎಂದುಕೊಳ್ಳಿ. ರಕ್ತ ಒಳಹೊಕ್ಕು ಸುತ್ತಿ ಸುಲಭವಾಗಿ ಹೊರಬರುತ್ತದೆ. ಅದೇ ಕತ್ತಿಗೆ ಎತ್ತರ 8 ಮಿ.ಮೀ. ಆದರೆ? ತುದಿಯಲ್ಲಿ ಹರಿವು ಮಂದವಾಗುತ್ತದೆ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಏಕೆಂದರೆ ಕೆರೆಯ ಏರಿಗೆ ಜೀವವಿಲ್ಲ, ಧಮನಿಯ ಗೋಡೆಗೆ ಇದೆ. ಅದರ ಒಳಪದರದ ಜೀವಕೋಶಗಳಿಗೆ ಹರಿಯುವ ರಕ್ತದ ಹದವಾದ ಉಜ್ಜುವಿಕೆ ಬೇಕು. ಅದು ತೀರ ಕಡಮೆಯಾದರೆ ಉರಿಯೂತವುಂಟಾಗಿ ಗೋಡೆ ತೆಳುವಾಗಬಹುದು. ಉಜ್ಜುವಿಕೆ ಅತಿಯಾದರೂ ಹಾನಿಯೇ.

ಉಬ್ಬಿನ ಮೇಲೆ ಇನ್ನೊಂದು ಮರಿ ಉಬ್ಬು ಎದ್ದಿದ್ದರೆ ವೈದ್ಯರು ಹೆಚ್ಚು ಎಚ್ಚರ ವಹಿಸುತ್ತಾರೆ. ಜಪಾನಿನಲ್ಲಿ 5,720 ರೋಗಿಗಳನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂತಹ ಉಬ್ಬುಗಳು ಒಡೆಯುವ ಸಂಭವ ಒಂದೂವರೆ ಪಟ್ಟಿಗೂ ಹೆಚ್ಚೆಂದು ಕಂಡುಬಂತು. ಧೂಮಪಾನ, ರಕ್ತದೊತ್ತಡಗಳೂ ಅಪಾಯವನ್ನು ಹೆಚ್ಚಿಸುತ್ತವೆ.

ಹಿಂದೆಂದೂ ಕಾಣದಂತಹ ತೀವ್ರ ತಲೆನೋವು ಯಾರಿಗಾದರೂ ಒಮ್ಮೆಲೇ ಬಂದು, ವಾಂತಿಯಾಗಿ ಕುತ್ತಿಗೆ ಬಿಗಿದರೆ ಮಾತ್ರೆ ಕೊಟ್ಟು ಮಲಗಿಸಬೇಡಿ. ಉಬ್ಬು ಒಡೆದಿರಬಹುದು. ಕೂಡಲೇ 108ಕ್ಕೆ ಕರೆ ಮಾಡಿ.

ಚಿಕಿತ್ಸೆಯಲ್ಲಿಯೂ ಆಕಾರದ ಮಾತು ಬರುತ್ತದೆ. ತಲೆಬುರುಡೆಯನ್ನು ತೆರೆದು ಕತ್ತಿಗೆ ಕ್ಲಿಪ್ ಹಾಕುವುದು ಒಂದು ವಿಧಾನ. ತೊಡೆಯ ಅಥವಾ ಮಣಿಕಟ್ಟಿನ ಧಮನಿಯಿಂದ ಸಣ್ಣ ನಳಿಕೆಯನ್ನು ಕಳುಹಿಸಿ, ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬುವುದು ಇನ್ನೊಂದು. ವಿಚಿತ್ರವೆಂದರೆ, ಹರಿವಿಗೆ ತೊಡಕಾಗುವ ಕಿರಿದಾದ ಕತ್ತೇ ಈ ಸುರುಳಿಯನ್ನು ಹೊರಜಾರದಂತೆ ಹಿಡಿದಿಡುತ್ತದೆ. ಕತ್ತು ಅಗಲವಾಗಿದ್ದರೆ ಧಮನಿಯೊಳಗೆ ‘ಸ್ಟೆಂಟ್’ ಎಂಬ ಜಾಲರಿಯ ಕೊಳವೆಯನ್ನೂ ಇಡಬೇಕಾಗಬಹುದು.